ಅರ್ಧ ಲೋಟದವರ ಹಬ್ಬ

ನನಗೆ ಬಾಳೆಹಣ್ಣು ಕಂಡರೆ ಭಯ. ಹಾವಿಗೆ ಅಷ್ಟಾಗಿ ಹೆದರುವವಳಲ್ಲ. ಬಚ್ಚಲುಮನೆಗೆ ಬಂದ ಹಾವಿಗೆ ಪೊರಕೆ ಹಿಡಿದು ಹೊರಗಿನ ದಾರಿ ತೋರಿಸಿದ್ದೇನೆ. ಪಕ್ಕದ ತೋಟಕ್ಕೆ ಆನೆ ಬಂದಿದೆಯಂತೆ ಎಂದರೆ ‘ಹೌದಾ’ ಎಂದು ಕಾಫಿ ಕುಡಿಯುವುದನ್ನು ಮುಂದುವರಿಸುವ ಸೋಮವಾರಪೇಟೆಯವಳು ನಾನು. ಆದರೆ ಯಾರಾದರೂ ತಾಂಬೂಲದ ತಟ್ಟೆಯಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡು ನಗುತ್ತ ಎದುರಿಗೆ ಬಂದರೆ ನನ್ನ ಕೈ ತಾನಾಗಿಯೇ ಸೆರಗಿನೊಳಗೆ ಸೇರಿಕೊಳ್ಳುತ್ತದೆ. ಕೊಡಲು ಬಂದವರು ನನಗೆ ಸೊಕ್ಕು ಎಂದುಕೊಳ್ಳುತ್ತಾರೆ.

ಬಹುಕಾಲ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಪೊಟ್ಯಾಶಿಯಂ ಎಂಬ ಲೋಹವನ್ನು ನೀರಿಗೆ ಹಾಕಿದರೆ ಹೊತ್ತಿ ಉರಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ, ಬರೆಯದವರ ಅಂಕ ಕಳೆದಿದ್ದೇನೆ. ಅದೇ ಪೊಟ್ಯಾಶಿಯಂ ಬಾಳೆಹಣ್ಣಿನಲ್ಲಿ, ಎಳನೀರಿನಲ್ಲಿ, ಬೆಲ್ಲದಲ್ಲಿ, ತೆಂಗಿನಕಾಯಿಯಲ್ಲಿ, ಕಡಲೆಬೀಜದಲ್ಲಿ, ಅಂದರೆ ನಾವು ದೇವರ ಮುಂದೆ ಇಡುವ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಕುಳಿತಿದೆ ಎಂದು ನನಗೆ ಮನದಟ್ಟಾದದ್ದು ನಮ್ಮ ಮನೆಯವರ ಕಿಡ್ನಿಗಳು ಕೈಕೊಟ್ಟ ಮೇಲೆ. ಕಿಡ್ನಿ ಸರಿಯಿದ್ದವರ ಮೈಯಿಂದ ಅದು ಸದ್ದಿಲ್ಲದೆ ಹೊರಗೆ ಹೋಗುತ್ತದೆ. ಇಲ್ಲದವರ ರಕ್ತದಲ್ಲಿ ಉಳಿದು ಒಂದು ದಿನ ಹೃದಯವನ್ನೇ ನಿಲ್ಲಿಸಿಬಿಡುತ್ತದೆ. ದೇವರಿಗೆ ಮಾತ್ರ ಅದರಿಂದ ಏನೂ ಆದಂತಿಲ್ಲ.

ನಮ್ಮ ಮನೆಯವರು ಮೆಣಸು, ಏಲಕ್ಕಿಯ ವ್ಯಾಪಾರಿ. ಒಂದು ಕಾಳು ಮೆಣಸನ್ನು ಹಲ್ಲಿನಲ್ಲಿ ಕಡಿದು, ಕಣ್ಣು ಮುಚ್ಚಿ, ಇದು ಯಾವ ಕಡೆಯದು, ಎಷ್ಟು ಒಣಗಿದೆ ಎಂದು ಹೇಳುವವರು. ನಾಲಿಗೆಯಿಂದಲೇ ಬದುಕಿದ ಮನುಷ್ಯನಿಗೆ ಡಾಕ್ಟರು ನಾಲಿಗೆಯನ್ನೇ ಬಿಡಲು ಹೇಳಿದರು. ಉಪ್ಪು ಬೇಡ, ಹಣ್ಣು ಬೇಡ, ಬೆಲ್ಲ ಬೇಡ. ತರಕಾರಿಯನ್ನು ಹೆಚ್ಚಿ, ಕುದಿಸಿ, ಆ ನೀರನ್ನು ಬಸಿದು ಚೆಲ್ಲಿ, ಮತ್ತೆ ಕುದಿಸಿ, ಮತ್ತೆ ಬಸಿದು ಪಲ್ಯ ಮಾಡಬೇಕು. “ಈ ಬೀನ್ಸಿನ ಕರ್ಮವೆಲ್ಲ ಕಳೆದುಹೋಗಿದೆ ಕಣೇ, ಇನ್ನು ಇದಕ್ಕೆ ಮರುಜನ್ಮ ಇಲ್ಲ,” ಎಂದು ಅವರು ತಟ್ಟೆಯನ್ನು ನೋಡುತ್ತ ಹೇಳುತ್ತಿದ್ದರು. ಎಲ್ಲಕ್ಕಿಂತ ಕಷ್ಟ ನೀರಿನದು. ಕುಡಿದದ್ದು ಹೊರಹೋಗುವ ದಾರಿಯಿಲ್ಲದ ಮೇಲೆ ಕುಡಿಯುವುದೂ ಅಳತೆಯಲ್ಲೇ. ಹೊರಗೆ ಆಷಾಢದ ಮಳೆ ಹಗಲೂ ರಾತ್ರಿ ಸುರಿಯುತ್ತಿರುವಾಗ ಒಳಗೆ ಒಬ್ಬ ಮನುಷ್ಯ ಅರ್ಧ ಲೋಟ ನೀರನ್ನು ಮಧ್ಯಾಹ್ನದವರೆಗೆ ಚಪ್ಪರಿಸುತ್ತ ಕೂರುವುದನ್ನು ನಾನು ನೋಡಿದ್ದೇನೆ. ಅದನ್ನು ನೋಡುವುದಕ್ಕಿಂತ ನೋಡದಿರುವುದು ವಾಸಿ ಎಂದು ಎಷ್ಟೋ ಸಲ ಹಿತ್ತಿಲಿಗೆ ಹೋಗಿ ನಿಂತಿದ್ದೇನೆ.

ನಾನು ಹೇಳಹೊರಟ ವಾಟ್ಸಾಪ್ ಗುಂಪಿನ ಹೆಸರು ಅದೇ, ‘ಅರ್ಧ ಲೋಟ’. ಡಯಾಲಿಸಿಸ್‌ಗೆಂದು ಮಡಿಕೇರಿಗೆ ಹೋಗಿ, ಒಳಗೆ ತಮ್ಮವರು ಮೆಷಿನ್ನಿಗೆ ಅಂಟಿಕೊಂಡಿರುವಾಗ ಹೊರಗೆ ಬೆಂಚಿನ ಮೇಲೆ ಕೂತ ನಾವೆಲ್ಲ ಸೇರಿ ಕಟ್ಟಿದ್ದು. ಅಡ್ಮಿನ್ ಕುಶಾಲನಗರದ ಹನೀಫ್. ಹಾಸಿಗೆ ಅಂಗಡಿಯವನು, ತಾಯಿಯನ್ನು ಕರೆತರುತ್ತಿದ್ದ. ವಿರಾಜಪೇಟೆ ಕಡೆಯ ಬೋಜಮ್ಮ ಗಂಡನ ಜೊತೆ ಬರುತ್ತಿದ್ದರು. ಗಾಳಿಬೀಡಿನ ದೇವಕಿ ನಮ್ಮೆಲ್ಲರಿಗಿಂತ ಚಿಕ್ಕವಳು. ಅವಳ ಗಂಡನಿಗೆ ಇನ್ನೂ ಮೀಸೆ ನೆಟ್ಟಗೆ ಕಪ್ಪಗಿತ್ತು. ಇನ್ನೂ ಹಲವರಿದ್ದರು. ಮನೆಯೊಳಗೆ ಕೊಡವ ತಕ್ಕು, ಅರೆಭಾಷೆ, ಮಲಯಾಳ, ಉರ್ದು ಎಂದು ಒಬ್ಬೊಬ್ಬರದು ಒಂದೊಂದು ಮಾತಾದರೂ ರಕ್ತಪರೀಕ್ಷೆಯ ಚೀಟಿಯಲ್ಲಿ ಬರುವ ಕ್ರಿಯಾಟಿನಿನ್ ಎಂಬ ಶಬ್ದ ಎಲ್ಲರ ಬಾಯಲ್ಲೂ ಒಂದೇ ಥರ ಹೊರಡುತ್ತಿತ್ತು.

ಕಾಯಿಲೆಯ ಗುಂಪಿನಲ್ಲಿ ಕಾಯಿಲೆಯ ಮಾತೇ ಇರಬೇಕು ಎಂದು ನೀವು ಅಂದುಕೊಂಡಿರಬಹುದು. ಇರುತ್ತದೆ, ಮೊದಲ ಒಂದು ತಿಂಗಳು. ಆಮೇಲೆ ಹಬ್ಬ ಬರುತ್ತದೆ. ಕೊಡಗಿನಲ್ಲಿ ಯಾರದಾದರೂ ಒಬ್ಬರ ಹಬ್ಬ ಬಾಗಿಲಲ್ಲಿ ನಿಂತೇ ಇರುತ್ತದೆ. ಮೊದಲು ಬಂದದ್ದು ಕೈಲ್ ಪೋದ್, ಕೊಡವರು ಕೋವಿಗೆ ಹೂವಿಟ್ಟು ಪೂಜಿಸುವ ಆಯುಧದ ಹಬ್ಬ. ಬೋಜಮ್ಮ ಅಭ್ಯಾಸಬಲದಿಂದ ಹಬೆಯಾಡುವ ಅಕ್ಕಿಯುಂಡೆ ಕಡಂಬುಟ್ಟು, ಅದರ ಪಕ್ಕದಲ್ಲಿ ಕರ್ರಗೆ ಹೊಳೆಯುವ ಪಂದಿ ಕರಿಯ ಫೋಟೋ ತೆಗೆದು ಗುಂಪಿಗೆ ಹಾಕಿದರು. ಅರ್ಧ ಗಂಟೆಯಲ್ಲಿ ಹನೀಫ್ ಬರೆದ: ಇನ್ನು ಮುಂದೆ ಗುಂಪಿನಲ್ಲಿ ಊಟದ ಫೋಟೋ ಹಾಕಬಾರದು. ಅಯ್ಯೋ, ಹಂದಿಯ ಮಾಂಸ ನೋಡಿ ನೊಂದುಕೊಂಡನೇನೋ ಎಂದು ಬೋಜಮ್ಮ ಗಾಬರಿಯಾಗಿ ಕ್ಷಮೆ ಕೇಳಿದರು. ಅವನು ಫೋನ್ ಮಾಡಿಯೇ ಹೇಳಿದನಂತೆ: “ಆಂಟಿ, ನಂಗೆ ಹಂದಿ ಮೇಲೆ ತಕರಾರಿಲ್ಲ. ಉಪ್ಪಿನ ಮೇಲೆ ತಕರಾರು. ನಿಮ್ಮ ಫೋಟೋ ನೋಡಿ ನಮ್ಮಮ್ಮ ಆಗಿಂದ ಬಿರಿಯಾನಿ ಬಿರಿಯಾನಿ ಅಂತ ಹಠ ಹಿಡಿದು ಕೂತಿದಾರೆ.”

ಹೀಗೆ ನಮಗೊಂದು ಶಾಸನ ಬಂತು. ಹಬ್ಬವನ್ನು ಹಂಚಿಕೊಳ್ಳಬಹುದು, ಹಬ್ಬದೂಟವನ್ನಲ್ಲ. ಊಟ ಬಿಟ್ಟರೆ ಹಬ್ಬದಲ್ಲಿ ಏನಿದೆ ಎಂದು ನಾನೂ ಮೂಗು ಮುರಿದೆ. ಆದರೆ ನೋಡನೋಡುತ್ತ ಗುಂಪಿನಲ್ಲಿ ಏನೇನೋ ಬರತೊಡಗಿತು. ಕೋವಿಯ ನಳಿಗೆಗೆ ಸಿಕ್ಕಿಸಿದ ಕೆಂಪು ಹಳದಿ ಹೂವು. ಹುತ್ತರಿಗೆ ಗದ್ದೆಯಿಂದ ತಂದು ಬಾಗಿಲಿಗೆ ಕಟ್ಟಿದ ಹೊಸ ಕದಿರು. ಈದಿಗೆ ಹನೀಫನ ತಾಯಿ ಮೊಮ್ಮಗಳ ಅಂಗೈಗೆ ಹಚ್ಚಿದ ಮೆಹೆಂದಿ, ನಡುಗುವ ಕೈಯ ಗೆರೆ ಸೊಟ್ಟಗೆ ಹೋದದ್ದೂ ಸೇರಿ. ನಾನು ಬಾಗಿಲ ಮುಂದೆ ಬಿಡಿಸಿದ ರಂಗೋಲಿ ಹಾಕಿದೆ. ರಂಗೋಲಿಗಿಂತ ಹಿಂದೆ ಒಣಹಾಕಿದ್ದ ನಮ್ಮ ಮನೆಯವರ ಪಟ್ಟೆ ಚಡ್ಡಿಯೇ ಎದ್ದು ಕಾಣುತ್ತಿತ್ತಂತೆ. ಎಲ್ಲಕ್ಕಿಂತ ಜಾಣತನ ತೋರಿಸಿದವಳು ದೇವಕಿ. ಕಾದ ಎಣ್ಣೆಗೆ ಸಾಸಿವೆ ಬಿದ್ದು, ಅದರ ಮೇಲೆ ಕರಿಬೇವು ಬಿದ್ದಾಗ ಆಗುವ ಚಟಪಟವನ್ನು ರೆಕಾರ್ಡ್ ಮಾಡಿ ಕಳಿಸಿದಳು. “ಸದ್ದಿಗೆ ಪೊಟ್ಯಾಶಿಯಂ ಇಲ್ಲವಲ್ಲ ಟೀಚರೇ?” ಎಂದು ಕೇಳಿದಳು. ಇಲ್ಲ ಎಂದು ನಾನು ವಿಜ್ಞಾನ ಶಿಕ್ಷಕಿಯ ಅಧಿಕಾರದಿಂದ ತೀರ್ಪು ಕೊಟ್ಟೆ. ನಮ್ಮ ಮನೆಯವರು ಅದನ್ನು ಕಿವಿಗೆ ಹಿಡಿದು ಮತ್ತೆ ಮತ್ತೆ ಕೇಳಿ, ಇಂಗು ಕಡಿಮೆಯಾಗಿದೆ ಎಂದರು.

ಇನ್ನು ಕಕ್ಕಡ ಹದಿನೆಂಟರ ಮಾತು. ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದ ನಟ್ಟನಡುವಿನ ಕಕ್ಕಡ ತಿಂಗಳಲ್ಲಿ, ಹದಿನೆಂಟನೆಯ ದಿನ, ಮದ್ದುಸೊಪ್ಪು ಎಂಬ ಒಂದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಬಂದು ಸೇರುತ್ತದೆ ಎಂದು ನಮ್ಮ ಜಿಲ್ಲೆಯ ನಂಬಿಕೆ. ಅದನ್ನು ಕುದಿಸಿದರೆ ನೇರಳೆ ಬಣ್ಣದ ರಸ ಬಿಡುತ್ತದೆ. ಆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ನಾನು ಹಾಸನದ ಕಡೆಯಿಂದ ಮದುವೆಯಾಗಿ ಬಂದವಳು, ನನಗಿದೆಲ್ಲ ಗೊತ್ತಿರಲಿಲ್ಲ. ಮೊದಲ ವರ್ಷ ಅತ್ತೆ ಬಡಿಸಿದ್ದನ್ನು ಎರಡು ಬಟ್ಟಲು ತಿಂದೆ. ಮಾರನೆಯ ಬೆಳಿಗ್ಗೆ ಬಚ್ಚಲಿಗೆ ಹೋದವಳು ಚೀರಿಕೊಂಡು ಹೊರಗೆ ಓಡಿ ಬಂದೆ. ಮೂತ್ರ ಕೆಂಪಗೆ, ರಕ್ತದ ಹಾಗೆ! ಸತ್ತೇ ಹೋಗುತ್ತೇನೆ ಎಂದು ನಾನು ಗೋಡೆಗೆ ಒರಗಿ ಅಳುತ್ತಿದ್ದರೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದಾರೆ. ಅತ್ತೆ ಮಾತ್ರ ಗಂಭೀರವಾಗಿ “ಬಣ್ಣ ಬಂತಾ? ಹಾಗಾದ್ರೆ ಮದ್ದು ಹಿಡಿದಿದೆ ಬಿಡು,” ಎಂದರು. ಬಣ್ಣ ಬಂದರೆ ಔಷಧಿ ಮೈಗೆ ಹತ್ತಿತು ಎಂದು ಲೆಕ್ಕ. ಅವತ್ತು ಊರಲ್ಲಿ ಎದುರುಬದುರು ಸಿಕ್ಕವರು ನಮಸ್ಕಾರದ ಬದಲು ಇದನ್ನೇ ಕೇಳಿಕೊಳ್ಳುತ್ತಾರೆ. ಮರ್ಯಾದಸ್ಥರು, ನೆರೆತ ತಲೆಯವರು, ಸೊಸೈಟಿಯ ಡೈರೆಕ್ಟರುಗಳು, ಎಲ್ಲರೂ. ಇಷ್ಟು ನಿಸ್ಸಂಕೋಚವಾಗಿ ಒಬ್ಬರ ಮೂತ್ರದ ಯೋಗಕ್ಷೇಮವನ್ನು ಇನ್ನೊಬ್ಬರು ವಿಚಾರಿಸುವ ಸೀಮೆ ಬೇರೆ ಎಲ್ಲಿಯಾದರೂ ಇದೆಯೋ ನಾನರಿಯೆ.

ಹೋದ ವರ್ಷ ಕಕ್ಕಡ ಹದಿನೆಂಟರ ಮರುದಿನ ಬೆಳಿಗ್ಗೆ ಬೋಜಮ್ಮ ಗುಂಪಿನಲ್ಲಿ ಬರೆದರು: “ಎಲ್ಲರಿಗೂ ಬಣ್ಣ ಬಂತಾ?” ತವರಿನ ಗುಂಪು, ಗಂಡನ ಕುಲದ ಐನ್‌ಮನೆಯ ಗುಂಪು, ಮಹಿಳಾ ಸಮಾಜದ ಗುಂಪು ಎಲ್ಲಕ್ಕೂ ಕಳಿಸಿದ್ದನ್ನು ಇಲ್ಲಿಗೂ ಕಳಿಸಿದ್ದರು. ಅವರ ಗಂಡನಿಗೆ ಆಗಿನ್ನೂ ಸ್ವಲ್ಪ ಸ್ವಲ್ಪ ಮೂತ್ರ ಹೋಗುತ್ತಿತ್ತು. ಮಿಕ್ಕವರ ಮನೆಗಳಲ್ಲಿ ಅದು ನಿಂತು ಬಹಳ ಕಾಲವಾಗಿತ್ತು. ನಮ್ಮ ಮನೆಯವರು ಹಿಂದಿನ ದಿನ ಪಕ್ಕದ ಮನೆಯಿಂದ ಬಂದ ಪಾಯಸದಲ್ಲಿ ಚಮಚದ ತುದಿ ಅದ್ದಿ ನಾಲಿಗೆಗೆ ಸವರಿಕೊಂಡಿದ್ದರು, ಅಷ್ಟೇ. ಬಣ್ಣ ಬರಲು ಬರುವುದಾದರೂ ಏನಿತ್ತು? ಗುಂಪು ತಣ್ಣಗಾಯಿತು. ಬೋಜಮ್ಮನಿಗೆ ಹೊಳೆದು ಅಳಿಸುವಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಪಾಪ, ಆ ಹೆಂಗಸು ಅತ್ತಿರಬೇಕು.

ನಾನು ಫೋನನ್ನು ಮಗುಚಿಟ್ಟೆ. ನಮ್ಮ ಮನೆಯವರು “ಏನದು, ಇಲ್ಲಿ ಕೊಡು,” ಎಂದು ತೆಗೆದುಕೊಂಡು ಓದಿದರು. ಅವರು ಅದುವರೆಗೆ ಗುಂಪಿನಲ್ಲಿ ಒಂದು ಮಾತೂ ಆಡಿದವರಲ್ಲ. ರೋಗಿಗಳು ಯಾರೂ ಆಡುತ್ತಿರಲಿಲ್ಲ. ಅವರ ಪರವಾಗಿ ನಾವೇ ಬಡಬಡಿಸುತ್ತಿದ್ದೆವು. ಈಗ ನಮ್ಮ ಮನೆಯವರು ಮೈಕಿನ ಗುರುತು ಒತ್ತಿ, ಮಂಡಿಯಲ್ಲಿ ದರ ಹೇಳುವ ಗಂಟಲಿನಲ್ಲಿ ಹೇಳಿದರು: “ಬೋಜಮ್ಮೋರೆ, ನಮಗೆ ಬಂದಿಲ್ಲ. ಗುರುವಾರ ಡಯಾಲಿಸಿಸ್ ಉಂಟಲ್ಲ, ಮೆಷಿನ್ನಿಗೆ ಬಂತಾ ಅಂತ ನೋಡಿ ಹೇಳ್ತೀನಿ.”

ಆಮೇಲೆ ಆದದ್ದನ್ನು ಹೇಗೆ ಹೇಳಲಿ? ದೇವಕಿಯ ಗಂಡ ನಕ್ಕ ಸದ್ದು ಬಂತು, ಬರೀ ನಗು, ಮಾತಿಲ್ಲ. ಹನೀಫನ ತಾಯಿ “ಅಲ್ಲಾ, ನನ್ನ ಮೆಷಿನ್ನೂ ನೋಡಿ ಹೇಳಪ್ಪ,” ಎಂದರು. ಒಬ್ಬೊಬ್ಬರಾಗಿ ರೋಗಿಗಳೇ ಮಾತಾಡಿದರು. ಎಷ್ಟೋ ತಿಂಗಳಿಂದ ಹೆಸರು ಮಾತ್ರ ಕೇಳಿದ್ದ ಜನರ ದನಿ ಅವತ್ತು ಕೇಳಿದೆವು. ಕೆಲವು ಕೀರಲು, ಕೆಲವು ದಪ್ಪ, ಎಲ್ಲವೂ ಒಣಗಿದ ಗಂಟಲಿನವು. ಆ ಇಡೀ ದಿನ ನಮ್ಮ ಮನೆಯವರು ಫೋನ್ ನನ್ನ ಕೈಗೆ ಕೊಡಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಬೇರೆ ಯಾವ ಹಬ್ಬದಲ್ಲಿಯೂ ನೋಡಿರಲಿಲ್ಲ.

ಗೌರಿ ಹಬ್ಬ ಇನ್ನೇನು ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಡಯಾಲಿಸಿಸ್‌ಗೆ ಹೊರಡಲು ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ಹಾಗೆಯೇ ಮಂಚದ ಮೇಲೆ ಒರಗಿದರು. ನಾನು ಟ್ಯಾಕ್ಸಿಯವನಿಗೆ ಒಂದು ನಿಮಿಷ ಎಂದು ಕೂಗಿ ಹೇಳಿ ಒಳಗೆ ಬಂದರೆ ಎಲ್ಲ ಮುಗಿದಿತ್ತು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲು ನನಗೆ ಈಗಲೂ ಆಗುವುದಿಲ್ಲ.

ನಮ್ಮ ಮತದಲ್ಲಿ ಸೂತಕವಿಲ್ಲ ಎಂದು ಮಠದ ಸ್ವಾಮಿಗಳು ಹೇಳುತ್ತಾರೆ. ಲಿಂಗ ಕಟ್ಟಿದವರಿಗೆ ಹುಟ್ಟಿನ ಮೈಲಿಗೆಯೂ ಇಲ್ಲ, ಸಾವಿನದೂ ಇಲ್ಲ. ತತ್ವ ದೊಡ್ಡದು, ನಾನು ಅದಕ್ಕೆ ಕೈಮುಗಿಯುತ್ತೇನೆ. ಆದರೆ ನಮ್ಮ ಬೀದಿಗೆ ಅದರದೇ ಒಂದು ಶಾಸ್ತ್ರವಿದೆ: ಸಾವಾದ ಮನೆಯಲ್ಲಿ ವರ್ಷ ಕಳೆಯುವವರೆಗೆ ಹಬ್ಬ ಮಾಡುವಂತಿಲ್ಲ, ಬಾಣಲೆ ಇಡುವಂತಿಲ್ಲ. ಹಾಗೆಂದು ಆ ಮನೆಯವರನ್ನು ಬಾಯಿ ಒಣಗಿಸಿ ಕೂರಿಸುವುದೂ ಇಲ್ಲ. ಹಬ್ಬದ ದಿನ ಅಕ್ಕಪಕ್ಕದವರೇ ತಮ್ಮ ಮನೆಯಲ್ಲಿ ಮಾಡಿದ್ದನ್ನು ತಂದುಕೊಡುತ್ತಾರೆ. ನೀನು ಮಾಡಬೇಡ, ಆದರೆ ತಿನ್ನದೆ ಇರಬೇಡ ಎನ್ನುವುದು ಆ ಬೀದಿಯ ಶಾಸ್ತ್ರ. ಗೌರಿ ಹಬ್ಬದ ದಿನ ಪಕ್ಕದ ಮನೆಯ ಶಾಂತಮ್ಮ ಸ್ಟೀಲಿನ ಡಬ್ಬಿ ತಂದು ಮೇಜಿನ ಮೇಲಿಟ್ಟು, ನನ್ನ ತಲೆ ಸವರಿ ಹೋದರು.

ಗುಂಪಿಗೆ ಇಂಥ ಶಾಸ್ತ್ರ ಯಾವುದೂ ಇರಲಿಲ್ಲ. ಇದ್ದದ್ದು ಒಂದೇ, ಅದೂ ಯಾರೂ ಬಾಯಿಬಿಟ್ಟು ಹೇಳದ್ದು: ತಮ್ಮವರು ಹೋದ ಮೇಲೆ ಹನ್ನೊಂದನೆಯ ದಿನವೋ ತಿಂಗಳೋ ಕಳೆದು, ಎಲ್ಲರಿಗೂ ವಂದನೆ ಬರೆದು, ಹೊರಗೆ ಹೋಗಿಬಿಡುವುದು. ಹಾಗೆ ಹೋದವರನ್ನು ನಾನು ನೋಡಿದ್ದೆ, ಅದು ಸರಿ ಎಂದೂ ಅಂದುಕೊಂಡಿದ್ದೆ. ಶಿವಗಣಾರಾಧನೆ ಮುಗಿಯಿತು, ನೆಂಟರು ಹೊರಟರು, ನನಗೆ ಮಾತ್ರ ಆ ಗುಂಡಿ ಒತ್ತಲು ಬೆರಳು ಬರಲಿಲ್ಲ. ಮನೆಯಲ್ಲಿ ಅವರ ವಿಷಯ ಎತ್ತಿದರೆ ನೆಂಟರು ಮಾತು ಬದಲಿಸುತ್ತಿದ್ದರು. ಅವರ ನೀರಿನ ಲೋಟ, ಅವರ ಸಿಡುಕು, ಅವರ ಜೋಕು ಎಲ್ಲ ಗೊತ್ತಿದ್ದವರು ಗುಂಪಿನಲ್ಲಿದ್ದರು. ಅಲ್ಲಿಂದಲೂ ಹೊರಟರೆ ನಾನು ಅವರನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತೇನೆ ಎನಿಸುತ್ತಿತ್ತು.

ಆದರೆ ಗುಂಪು ಮೊದಲಿನ ಹಾಗಿರಲಿಲ್ಲ. ಗೌರಿ ಗಣೇಶಕ್ಕೆ ಯಾರೂ ಫೋಟೋ ಹಾಕಲಿಲ್ಲ. ಕೋವಿಗೆ ಹೂವಿಟ್ಟದ್ದು ಬರಲಿಲ್ಲ. ಮಡಿಕೇರಿ ದಸರೆಯ ದೀಪಗಳು ಬರಲಿಲ್ಲ, ದೀಪಾವಳಿಯೂ ಹಾಗೆಯೇ ಹೋಯಿತು. ಔಷಧಿಯ ಹೆಸರು, ಮೆಷಿನ್ ಕೆಟ್ಟ ಸುದ್ದಿ, ಅಷ್ಟೇ. ನನಗೆ ಅರ್ಥವಾಯಿತು. ಶುಭಕಾರ್ಯದ ಮನೆಯಲ್ಲಿ ಗಂಡ ಸತ್ತವಳು ಕಂಬದ ಹಿಂದೆ ನಿಂತರೂ ಜನರ ಕಣ್ಣಿಗೆ ಬೀಳುತ್ತಾಳೆ. ಗುಂಪಿನಲ್ಲಿ ನನ್ನ ಹೆಸರು ನೋಡಿದಾಗಲೆಲ್ಲ ಅವರಿಗೆ ನೆನಪಾಗುವುದು ಏನು ಎಂದು ನಾನು ಊಹಿಸಬಲ್ಲೆ. ನನ್ನ ಗಂಡ ಬದುಕಿದ್ದಾಗ ನನಗೂ ಅಂಥವರ ಹೆಸರು ಕಂಡರೆ ಹಾಗೆಯೇ ಆಗುತ್ತಿತ್ತು. ಹುತ್ತರಿ ಹತ್ತಿರ ಬರುತ್ತಿತ್ತು. ಕದಿರು ತರುವ ಹಬ್ಬಕ್ಕೆ ನಾನು ಅಡ್ಡ ನಿಲ್ಲಬಾರದು ಎಂದು ಹನೀಫನಿಗೆ ಫೋನ್ ಮಾಡಿದೆ.

“ನಾನು ಗುಂಪು ಬಿಡ್ತೀನಪ್ಪ. ನನ್ನಿಂದ ಎಲ್ಲರ ಹಬ್ಬ ನಿಲ್ಲೋದು ಬೇಡ.”

“ಬೇಡ ಅನ್ನೋಕೆ ನಾನ್ಯಾರು ಟೀಚರೇ,” ಎಂದ. “ಆದ್ರೆ ನಾಳೆವರೆಗೆ ತಡೀರಿ.”

ಮಾರನೆಯ ದಿನ ಮಧ್ಯಾಹ್ನ ದೇವಕಿಯ ಫೋನ್ ಬಂತು. ಹಿಂದೆ ಕೋಳಿಗಳ ಸದ್ದು ಕೇಳುತ್ತಿತ್ತು. ಮನೆಯವರಿಗೆ ಕೇಳದಿರಲಿ ಎಂದು ಹಿತ್ತಿಲಿಗೆ ಬಂದಿದ್ದಳೆಂದು ಕಾಣುತ್ತದೆ.

“ಟೀಚರೇ, ಒಂದು ಕೇಳ್ಲಾ? ಬೇಜಾರು ಮಾಡ್ಕೊಬಾರ್ದು. ಗೌರಿ ಹಬ್ಬದ ದಿನ ನೀವು ಎಂಥ ಮಾಡಿದ್ರಿ?”

“ಏನೂ ಮಾಡ್ಲಿಲ್ಲಮ್ಮ. ನಮ್ಮಲ್ಲಿ ವರ್ಷದವರೆಗೆ ಹಬ್ಬ ಇಲ್ಲ.”

“ಅದಲ್ಲ. ಬೆಳಿಗ್ಗೆ ಎದ್ದು ಎಂಥ ಮಾಡಿದ್ರಿ? ಆ ದಿನ ಹ್ಯಾಗೆ ಕಳೀತು?” ಅವಳ ದನಿ ಸಣ್ಣದಾಯಿತು. “ನಂಗೂ ಒಂದಲ್ಲ ಒಂದಿನ ಅಂಥ ಹಬ್ಬ ಬರ್ತದಲ್ಲ ಟೀಚರೇ. ಇವರ ಹತ್ರ ಕೇಳುವ ಹಾಗಿಲ್ಲ, ಅಮ್ಮನ ಹತ್ರ ಕೇಳಿದ್ರೆ ಬಾಯಿ ಮುಚ್ಚು ಅಂತಾರೆ. ಗುಂಪಲ್ಲಿ ಎಲ್ಲರೂ ಹೋಗಿಬಿಡ್ತಾರೆ. ಆಮೇಲೆ ಅವರು ಎಂಥ ಆದ್ರು ಅಂತಲೇ ಗೊತ್ತಾಗುದಿಲ್ಲ.”

ಅಂಥ ಮಾತಿಗೆ ಸಮಾಧಾನದ ಸುಳ್ಳು ಹೇಳುವುದು ವಾಡಿಕೆ. ‘ಛೆ, ಹಾಗೆಲ್ಲ ಮಾತಾಡಬೇಡ, ನಿನ್ನ ಗಂಡನಿಗೆ ಏನೂ ಆಗುವುದಿಲ್ಲ’ ಎಂದು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಷ್ಟು ಧೈರ್ಯ ಮಾಡಿ ಕೇಳಿದವಳಿಗೆ ಸುಳ್ಳು ಹೇಳಲಾಗಲಿಲ್ಲ. ನಡೆದದ್ದನ್ನೇ ಹೇಳಿದೆ. ಬೆಳಿಗ್ಗೆ ಎದ್ದು ಅಭ್ಯಾಸದಂತೆ ಬೀನ್ಸ್ ಹೆಚ್ಚಿದೆ, ಕುದಿಸಿದೆ, ನೀರು ಬಸಿದೆ, ಎರಡನೆಯ ಸಲ ಕುದಿಯಲು ಇಟ್ಟ ಮೇಲೆ ಯಾರಿಗಾಗಿ ಎಂದು ಹೊಳೆದು ಅಲ್ಲೇ ಕೂತೆ. ಬಾಗಿನಕ್ಕೆಂದು ಸಂತೆಯಲ್ಲಿ ತಂದಿದ್ದ ಮೊರಗಳನ್ನು ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಹಾಕಿದೆ. ಶಾಂತಮ್ಮ ಡಬ್ಬಿ ಇಟ್ಟುಹೋದರು. ಮಧ್ಯಾಹ್ನದವರೆಗೆ ಮುಟ್ಟಲಿಲ್ಲ. ಆಮೇಲೆ ಹಸಿವಾಯಿತು. ತೆರೆದರೆ ಬೇಳೆ ಹೋಳಿಗೆ, ಪಕ್ಕದಲ್ಲಿ ಕಾಯಿಹಾಲು. ಬೆಲ್ಲ, ಬೇಳೆ, ತೆಂಗಿನಕಾಯಿ. ನಮ್ಮ ಅಡುಗೆಯಲ್ಲಿ ಎಷ್ಟೋ ವರ್ಷದಿಂದ ಇಲ್ಲದವು. ಅವರಿಗೆ ಇಲ್ಲದ್ದು ನನಗೂ ಬೇಡವೆಂದು ನಾನೂ ಬಿಟ್ಟಿದ್ದೆ. ಒಂದು ತಿಂದೆ. ಇನ್ನೊಂದನ್ನೂ ತಿಂದೆ. ಅದು ರುಚಿಯಾಗಿತ್ತು ಎಂದು ನನಗೆ ಅಳು ಬಂತು. ಅವರು ಮಣ್ಣಿಗೆ ಹೋಗಿ ಇನ್ನೂ ಎಷ್ಟು ದಿನವಾಗಿತ್ತು, ಅಷ್ಟರಲ್ಲಿ ನನ್ನ ನಾಲಿಗೆಗೆ ಹೋಳಿಗೆ ರುಚಿಸಿತ್ತು. ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಅತ್ತೆ.

ದೇವಕಿ ಎಲ್ಲ ಕೇಳಿಸಿಕೊಂಡಳು.

“ರುಚಿ ಇತ್ತಾ ಟೀಚರೇ?”

“ಇತ್ತು ಕಣೇ.”

ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. “ಅಷ್ಟು ಗೊತ್ತಾದ್ರೆ ಸಾಕು ನಂಗೆ,” ಎಂದಳು. “ನೀವು ಹೋಗ್ಬೇಡಿ.”

ನಾನು ಹೋಗಲಿಲ್ಲ. ಹುತ್ತರಿಯ ದಿನ ಗಾಳಿಬೀಡಿನಿಂದ ಕದಿರಿನ ಫೋಟೋ ಬಂತು. ಕದಿರು ಹಿಡಿದವನ ಮುಖ ಊದಿತ್ತು, ಮೀಸೆ ಮಾತ್ರ ಗಟ್ಟಿಯಾಗಿತ್ತು. ಅದರ ಹಿಂದೆ ಬೇರೆಯವರದೂ ಒಂದೊಂದಾಗಿ ಬಂದವು. ಈಗ ಗುಂಪಿನಲ್ಲಿ ನನಗೊಂದು ವಿಚಿತ್ರ ಹುದ್ದೆ ಸಿಕ್ಕಿದೆ. ಪ್ರತಿ ಹಬ್ಬದ ಮಾರನೆಯ ದಿನ ಒಬ್ಬರೋ ಇಬ್ಬರೋ ಹಿತ್ತಿಲಿನಿಂದ, ಬಸ್ ಸ್ಟ್ಯಾಂಡಿನಿಂದ, ಆಸ್ಪತ್ರೆಯ ಮೆಟ್ಟಿಲಿನಿಂದ ಗುಟ್ಟಾಗಿ ಫೋನ್ ಮಾಡುತ್ತಾರೆ. ಮೊನ್ನೆ ಸಂಕ್ರಾಂತಿ ಆದ ಮೇಲೆ ಬೋಜಮ್ಮ ಮಾಡಿದ್ದರು. ಯಾರೇ ಆದರೂ ಹವೆ, ಮಳೆ, ಕಾಫಿ ದರ ಎಲ್ಲ ಮಾತಾಡಿ ಕೊನೆಗೆ, ಏನೋ ನೆನಪಾದವರಂತೆ, ನಿನ್ನೆ ಊಟ ಏನು ಮಾಡಿದ್ರಿ ಎಂದು ಕೇಳುತ್ತಾರೆ. ಅವರು ಯಾಕೆ ಕೇಳುತ್ತಾರೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ನಾನು ತಿಂದದ್ದನ್ನು ತಿಂದ ಹಾಗೆಯೇ ಹೇಳುತ್ತೇನೆ.

ಯುಗಾದಿ ಬರುತ್ತಿದೆ. ನಮ್ಮ ಮನೆಯಲ್ಲಿ ಇನ್ನೂ ಹಬ್ಬವಿಲ್ಲ, ಬಾಣಲೆ ಇಡುವಂತಿಲ್ಲ, ಮನಸ್ಸಿಗೂ ಹಬ್ಬ ಬೇಡವಾಗಿದೆ. ನನ್ನೊಬ್ಬಳಿಗಾದರೆ ಒಂದು ಹಿಡಿ ಅನ್ನ, ತಿಳಿಸಾರು ಸಾಕು. ಆದರೆ ಶಾಂತಮ್ಮ ಏನು ಕಳಿಸಲಿ ಎಂದು ಕೇಳಿದಾಗ ನಾನು ನಾಚಿಕೆ ಬಿಟ್ಟು ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ ಎಂದು ಎಲ್ಲ ಹೇಳಿದ್ದೇನೆ. ಮಾರನೆಯ ದಿನ ಕೇಳುವವರಿದ್ದಾರೆ, ಬರೀ ಸಾರು ಎಂದರೆ ಅವರು ಹೆದರಿಕೊಳ್ಳುತ್ತಾರೆ.